ಮಂಗಳಮ್ಮನ ಮನೆಯ ಪರವಾನಗಿ

"ಲೇ ನಟರಾಜ, ನಿಮ್ ಕೇರಿಯೋರು ಕುಂಡಿ ತೊಳ್ಕಳಕೆ ಒಂದ್ ಗೋಡೆ ಕಟ್ಕಂಡು ಅತ್ತು ವರ್ಸ ಆಗಿಲ್ಲ, ಅಷ್ಟರಲ್ಲೇ ಊರಿಗೆಲ್ಲ ನೀವೇ ದೊಡ್ಡೋರಾಗ್ಬುಟ್ರಲ್ಲೋ" ಎಂದು ಕರಿಯಪ್ಪ ಸುತ್ತೋಲೆಯನ್ನು ಮೇಜಿನ ಮೇಲೆ ಎಸೆದರು. ಪಂಚಾಯಿತಿ ಆಫೀಸಿನಲ್ಲಿ ಕೂತಿದ್ದ ಮೆಂಬರುಗಳು ನಕ್ಕರು. ನಾನೂ ನಕ್ಕೆ. ನಗದೆ ನಿಂತವನನ್ನು ಅವರು ಗುರುತಿಟ್ಟುಕೊಳ್ಳುತ್ತಿದ್ದರು.

ನೋಡಿ, ಇಷ್ಟು ವರ್ಷ ಕಳೆದ ಮೇಲೂ ಆ ಮನುಷ್ಯನ ವಿಷಯ ಬರೆಯುವಾಗ ಕೈ ತಾನಾಗಿಯೇ 'ಎಸೆದರು' ಅನ್ನುತ್ತದೆ. ಇನ್ನು ಮುಂದೆ ಎಸೆದ ಅಂತಲೇ ಬರೆಯುತ್ತೇನೆ. ಎದುರಿಗೆ ಆಡಲಾಗದ್ದನ್ನು ಕಾಗದದ ಮೇಲಾದರೂ ಆಡಬೇಕು.

ಕರಿಯಪ್ಪ ಅಧ್ಯಕ್ಷನಲ್ಲ. ಕಡವಿನಕೊಪ್ಪಲು ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆ ಅವನ ಹೆಂಡತಿ ಸುಬ್ಬಲಕ್ಷ್ಮಮ್ಮ. ಆಕೆ ಮನೆಯಲ್ಲಿ ಹಾಲು ಕಾಯಿಸುತ್ತ, ನಾನು ಒಯ್ದ ಕಾಗದಗಳಿಗೆ ಸಹಿ ಹಾಕಿ ಕಳಿಸುತ್ತಿದ್ದಳು. ಕುರ್ಚಿಯಲ್ಲಿ ಕೂರುತ್ತಿದ್ದವನು ಇವನು. ನಾನು ಅಲ್ಲಿ ಬಿಲ್ ಕಲೆಕ್ಟರ್. ನಲ್ಲಿ ಬಿಲ್ಲು, ಮನೆ ಕಂದಾಯ ವಸೂಲಿ ಮಾಡುವುದು, ಜೊತೆಗೆ ಹೇಳಿದ ಕೆಲಸವನ್ನೆಲ್ಲ ಮಾಡುವುದು. ಏಳು ವರ್ಷದಿಂದ ತಾತ್ಕಾಲಿಕ. ಹುದ್ದೆ ಕಾಯಂ ಆಗಬೇಕಾದರೆ ಪಂಚಾಯಿತಿ ಸಭೆಯಲ್ಲಿ ಒಂದು ಠರಾವು ಆಗಬೇಕಿತ್ತು, ಆ ಠರಾವು ಕರಿಯಪ್ಪನ ಬಾಯಲ್ಲಿತ್ತು.

ಅದು ಎರಡು ಸಾವಿರದ ಆರರ ಕಾರ್ತಿಕ. ಹದಿಮೂರು ವರ್ಷದ ಮೇಲೆ ತಲಕಾಡಿನಲ್ಲಿ ಪಂಚಲಿಂಗ ದರ್ಶನ. ತಿ. ನರಸೀಪುರದ ಲಾಡ್ಜುಗಳೆಲ್ಲ ಒಂದು ತಿಂಗಳ ಮೊದಲೇ ತುಂಬಿದ್ದವು. ಸುತ್ತಲ ಹಳ್ಳಿಗಳವರು ಹತ್ತು ದಿನದ ಮಟ್ಟಿಗೆ ತಮ್ಮ ಮನೆಗಳನ್ನು ಯಾತ್ರಿಗಳಿಗೆ ಬಾಡಿಗೆಗೆ ಕೊಡಬಹುದು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಕೊಡುವವರು ಪಂಚಾಯಿತಿಯಿಂದ ಪರವಾನಗಿ ಪಡೆಯಬೇಕು. ಅದು ವಾಸದ ಮನೆಯಾಗಿರಬೇಕು. ಬಾಗಿಲು, ನೀರು ಎರಡೂ ಇರುವ ಕಕ್ಕಸು ಇರಬೇಕು. ಒಂದು ಮನೆಗೆ ಆರು ಜನಕ್ಕಿಂತ ಹೆಚ್ಚು ಇಳಿಸಬಾರದು. ಮನೆಯ ಯಜಮಾನರ ಹೆಸರು ಬರೆದ ತಗಡಿನ ಫಲಕವನ್ನು ಬಾಗಿಲ ಪಕ್ಕದಲ್ಲಿ ತೂಗುಹಾಕಬೇಕು.

ಕರಿಯಪ್ಪನ ಹೊಟ್ಟೆ ಉರಿಸಿದ್ದು ಆ ಕಕ್ಕಸಿನ ಸಾಲು. ದೊಡ್ಡ ಬೀದಿಯಲ್ಲಿ ತೊಟ್ಟಿಮನೆಗಳಿದ್ದವು, ಕಂಬಗಳಿದ್ದವು, ಹಿತ್ತಾಳೆ ಚಿಲಕದ ಬಾಗಿಲುಗಳಿದ್ದವು. ಕಕ್ಕಸು ಮಾತ್ರ ಇರಲಿಲ್ಲ. ಹತ್ತು ವರ್ಷದ ಹಿಂದೆ ಸರ್ಕಾರ ಸಿಮೆಂಟು, ಇಟ್ಟಿಗೆ ಕೊಟ್ಟು ಕಟ್ಟಿಸಿಕೊಳ್ಳಿ ಎಂದಾಗ, "ದೇವ್ರು ಮಡಗಿರೋ ಮನೇಲಿ ಏಲ್ಕಂಡ್ ಕೂರಾಕಾಯ್ತದಾ" ಎಂದು ದೊಡ್ಡ ಬೀದಿಯವರು ಮೂಗು ಮುಚ್ಚಿಕೊಂಡು ಚೊಂಬು ಹಿಡಿದು ನಾಲೆ ಏರಿಗೇ ಹೋದರು. ಅವರಿಗೆ ಏರಿ ಇತ್ತು, ತೋಟಗಳಿದ್ದವು. ನಮ್ಮ ಕೇರಿಯ ಹೆಂಗಸರು ಕತ್ತಲಾಗುವವರೆಗೆ ಹೊಟ್ಟೆ ಹಿಡಿದುಕೊಂಡಿದ್ದು ಯಾರದೋ ಕಬ್ಬಿನ ಗದ್ದೆಗೆ ಹೋಗಬೇಕಿತ್ತು, ಹೋಗಿ ಬೈಸಿಕೊಳ್ಳಬೇಕಿತ್ತು. ಹಾಗಾಗಿ ಕೇರಿಯವರು ಕಟ್ಟಿಕೊಂಡರು. ಆಗ ದೊಡ್ಡ ಬೀದಿ ನಮ್ಮ ಕೇರಿಗೆ ಕಕ್ಕಸ್ ಕಾಲೊನಿ ಎಂದು ಹೆಸರಿಟ್ಟಿತ್ತು.

ಈಗ ನಿಯಮದ ಪ್ರಕಾರ ಊರಿನಲ್ಲಿ ಯಾತ್ರಿಗಳನ್ನು ಇಳಿಸಿಕೊಳ್ಳಲು ಯೋಗ್ಯವಾದ ಮನೆಗಳು ಆ ಕಾಲೊನಿಯಲ್ಲಿ ಮಾತ್ರ ಇದ್ದವು.

"ಮನೆ ಅವರ್ದೇ ಇರ್ಲಿ ಕಣ್ರೀ. ಬೋಡ್ನಲ್ಲಿ ಎಸ್ರು ನಂದಿರ್ಲಿ" ಎಂದ ಕರಿಯಪ್ಪ. "ಮುಂದ್ಗಡೆ ಸಾಲಿನ ನಾಕ್ ಮನೆ ಸಾಕು. ಅತ್ತು ದಿನ ಅವ್ರು ಎಲ್ಲಾದ್ರೂ ಬಿದ್ಕಳ್ಳಿ. ಸುಣ್ಣ ಬಳ್ಸಿ, ಆ ಅಂಬೇಡ್ಕರ್ ನಗರ ಅಂತ ಕಲ್ಲದಲ್ಲ, ಅದ್ಕೆ ಸ್ವಾಗತದ ಬ್ಯಾನರ್ ಕಟ್ಸಿ. ಬಂದೋರ್ಗೆ ಏನ್ ಗೊತ್ತಾಯ್ತದೆ?"

ಮೂರು ಮನೆಯವರು ಅವನ ಗದ್ದೆಯಲ್ಲೇ ಕೂಲಿ. ಅವರನ್ನು ಕೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. ನಾಲ್ಕನೆಯದು ಮಂಗಳಮ್ಮನದು, ನನ್ನ ಚಿಕ್ಕವ್ವನದು.

"ಅವಳೊಬ್ಳು ಕಾಗ್ಜ ಓದ್ಸದೆ ಎಬ್ಬೆಟ್ಟು ಒತ್ತಾಕಿಲ್ಲ" ಎಂದು ಅವನು ನನ್ನ ಕಡೆ ತಿರುಗಿದ. "ನೀನೇ ಓದು. ಎಂಗೆ ಓದ್ಬೇಕೋ ಅಂಗೆ ಓದು. ಜಾತ್ರೆ ಮುಗುದ್ ಮೇಲೆ ಸೋಮವಾರದ ಮೀಟಿಂಗ್ನಲ್ಲಿ ನಿನ್ ಕಾಯಂ ವಿಷ್ಯನೂ ತಕ್ಕಳವ."

ನಾನು ಆಗಲಿ ಸಾ ಎಂದೆ. ಯೋಚಿಸಲು ಒಂದು ರಾತ್ರಿ ಬೇಕಾಯಿತು, ಮನಸ್ಸು ತಡೆಯಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಅಲ್ಲೇ, ಆಗಲೇ, ಆಗಲಿ ಸಾ ಎಂದೆ.

*

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನವ್ವ ಸತ್ತಳು. ಅವ್ವನ ತಂಗಿ ಮಂಗಳಮ್ಮ ನನ್ನನ್ನು ಕರೆದುಕೊಂಡು ಬಂದು ಸಾಕಿದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಮಂಟೇಸ್ವಾಮಿ ಹೊಳೆಯಲ್ಲಿ ಮರಳು ಎತ್ತುವಾಗ ದಂಡೆ ಕುಸಿದು ಹೋದ. ಅದಾದ ಮೇಲೆ ಆಶ್ರಯ ಮನೆ ಅವಳ ಹೆಸರಿಗೇ ಬಂತು. ಹಕ್ಕುಪತ್ರದಲ್ಲಿ ಬೇರೆ ಯಾರ ಹೆಸರೂ ಇಲ್ಲ. ನರಸೀಪುರಕ್ಕೆ ಹೈಸ್ಕೂಲಿಗೆ ಹೋಗುವಾಗ ನಾನು ಬಸ್ಸಿನಲ್ಲಿ ಕೂತು ಹೋಗುತ್ತಿದ್ದೆ, ಅವಳು ಅದೇ ದಾರಿಯಲ್ಲಿ ಸೌದೆ ಹೊತ್ತು ನಡೆದು ಬರುತ್ತಿದ್ದಳು. ನಾನು ಕಲಿತ ಒಂದೊಂದು ಅಕ್ಷರಕ್ಕೂ ಅವಳ ನೆತ್ತಿ ಸವೆದಿದೆ. ಆ ಅಕ್ಷರವನ್ನೇ ನಾನು ಅವಳ ಮುಂದೆ ಬಳಸಿದ್ದು.

ಕಕ್ಕಸಿನ ಎರಡು ಗುಂಡಿಗಳನ್ನು ಅವಳು ಒಬ್ಬಳೇ ತೋಡಿದ್ದಳು. ತನ್ನ ಎತ್ತರಕ್ಕೆ ಗುಂಡಿ ಇಳಿದಾಗ ಒಳಗಿನಿಂದ ಮಕ್ಕರಿ ಮೇಲೆತ್ತಿಕೊಡುವುದು, ನಾನು ಸುರಿದು ಬರುವುದು. ಇಂಜಿನಿಯರು ಒಮ್ಮೆ ಬಂದು, ಎರಡು ಗುಂಡಿಗೂ ನಡುವೆ ಒಂದು ಪುಟ್ಟ ತೊಟ್ಟಿ ಇರುತ್ತದೆ, ಒಂದು ತುಂಬಿದರೆ ತೊಟ್ಟಿಯಲ್ಲಿ ಆ ಕಡೆಯ ದಾರಿಗೆ ಇಟ್ಟಿಗೆ ಇಟ್ಟು ಈ ಕಡೆಯದನ್ನು ಬಿಚ್ಚಬೇಕು ಎಂದು ಹೇಳಿಕೊಟ್ಟು ಹೋದ. ಕೇರಿಯಲ್ಲಿ ಉಳಿದವರೆಲ್ಲ ಅದನ್ನು ಮರೆತರು. ತುಂಬಿದ ಮೇಲೆ ಕಕ್ಕಸನ್ನು ಕೋಳಿ ಕೂಡಲು, ಸೌದೆ ಒಟ್ಟಲು ಬಳಸಿದರು. ಅವಳು ಮರೆಯಲಿಲ್ಲ. ವರ್ಷಗಟ್ಟಲೆ ಇಟ್ಟಿಗೆ ಬದಲಿಸುತ್ತ ಇಟ್ಟುಕೊಂಡಳು. ಮುಂದಿನ ಸಾಲಿನ ಇನ್ನೂ ಮೂವರಿಗೆ ಕಲಿಸಿದಳು.

ನಾನು ಕಾಗದ ಹಿಡಿದು ಹೋದಾಗ ಅವಳು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ತಮಟೆಯವನು ಸಾರಿದ್ದನ್ನು ಕೇಳಿ ಯಾರೂ ಹೇಳುವ ಮೊದಲೇ ಶುರುಮಾಡಿಬಿಟ್ಟಿದ್ದಳು. ಹೊಸ ಚಾಪೆ ಬಂದಿತ್ತು. ಗೂಡಿನಲ್ಲಿ ಆರು ಹೊಸ ಸ್ಟೀಲ್ ಲೋಟ.

"ಆರು ಯಾಕ್ ಚಿಕ್ಕವ್ವ?"

"ಆರ್ ಜನ ಅಂತ ತಾನೇ ಸಾರಿದ್ದು? ಮೊದ್ಲು ಬಂದೇಟ್ಗೆ ಎಲ್ರಿಗೂ ಒಟ್ಗೆ ನೀರ್ ಕೊಡ್ಬೇಕು. ಒಬ್ರು ಕುಡ್ದು ಲೋಟ ತೊಳ್ಯಗಂಟ ಇನ್ನೊಬ್ರು ಕಾಯಂಗಾಗ್ಬಾರ್ದು."

ಅವಳು ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಯೋಚ್ನೆ ಮಾಡ್ಲಾ ನಟರಾಜ. ಇದುವರ್ಗೂ ನಮ್ ಒಸ್ತಿಲು ದಾಟಿ ಒಳ್ಗೆ ಬಂದು ಕುಂತ ಒರಗಿನೋರು ಯಾರವ್ರೆ? ಜನಗಣತಿ ಮೇಷ್ಟ್ರು ಬೀದೀಲೇ ನಿಂತ್ಕಂಡ್ ಬರ್ಕಂಡ್ರು. ನರ್ಸಮ್ಮ ಮಾತ್ರೆಯ ಒಸ್ತಿಲ ಆಚೆ ಮಡಗಿ ಓಯ್ತಳೆ. ರೇಷನ್ ಕಾರ್ಡ್ ಕೊಡಾಕ್ ಬಂದೋನೂ ಒಸ್ತಿಲ ಆಚೆ ಮಡಗಿ, ತಕ್ಕಮ್ಮೋ ಅಂದ. ಈಗ ಸರ್ಕಾರನೇ ಯೋಳ್ತಾ ಅದೆ, ಮಂಗಳಮ್ಮನ ಮನೇಗ್ ಓಗಿ ಮನಿಕ್ಕಳಿ ಅಂತ. ಬೋಡ್ನಲ್ಲಿ ನನ್ನೆಸ್ರು ಬರಿಬೇಕಂತಲ್ಲ. ಬರ್ದವ್ರಾ ಸರ್ಯಾಗಿ?"

"ಬರ್ದವ್ರೆ."

"ಓದು ಮತ್ತೆ. ಪೂರ್ತಿ ಓದು."

ಕಾಗದದಲ್ಲಿ ಇದ್ದದ್ದು ಒಪ್ಪಿಗೆ ಪತ್ರ. ಕರಿಯಪ್ಪ ಬಿನ್ ಸಿದ್ದೇಗೌಡ ಇವರಿಗೆ ಮನೆಯನ್ನು ಹತ್ತು ದಿನದ ಮಟ್ಟಿಗೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ, ಪರವಾನಗಿ ಅವರ ಹೆಸರಿನಲ್ಲಿ ಆಗುವುದಕ್ಕೆ ನನ್ನ ತಕರಾರು ಇರುವುದಿಲ್ಲ ಎಂದಿತ್ತು. ನಾನು ಕಾಗದವನ್ನು ಬೆಳಕಿಗೆ ಹಿಡಿದು ಓದಿದೆ. "ಕಡವಿನಕೊಪ್ಪಲು ಗ್ರಾಮದ ವಾಸಿ ಮಂಗಳಮ್ಮ ಕೋಂ ಲೇಟ್ ಮಂಟೇಸ್ವಾಮಿ, ಈಕೆಯ ಸ್ವಂತ ವಾಸದ ಮನೆಗೆ ಯಾತ್ರಿಗಳನ್ನು ಇಳಿಸಿಕೊಳ್ಳಲು ಪರವಾನಗಿ ಕೊಡಬೇಕೆಂದು ಕೋರಿಕೆ." ಒಂದು ಕಡೆಯೂ ತಡವರಿಸಲಿಲ್ಲ. ಕೋಂ ಲೇಟ್ ಮಂಟೇಸ್ವಾಮಿ ಎನ್ನುವಾಗ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಆಮೇಲೆ ಸುಣ್ಣದ ಹೆಬ್ಬೆಟ್ಟನ್ನು ತೊಳೆದುಕೊಂಡು ಬಂದು ಶಾಯಿಗೆ ಕೊಟ್ಟಳು. ಅವಳ ಬೆರಳನ್ನು ನನ್ನ ಕೈಯಲ್ಲಿ ಹಿಡಿದು ಒತ್ತಿಸಿದವನು ನಾನೇ.

"ಇನ್ನೊಂದ್ ರೂಲ್ಸು ಅದೆ ಚಿಕ್ಕವ್ವ. ಅವ್ರಿರೋಗಂಟ ಮನೆಯೋರು ಒಳಗಿರ್ಬಾರ್ದಂತೆ. ನಮ್ಮನೇಲಿ ಇರು."

ಅಂಥ ನಿಯಮ ಎಲ್ಲೂ ಇರಲಿಲ್ಲ. ಅವಳ ಮುಖ ಸ್ವಲ್ಪ ಬಾಡಿತು. ನೀರು ಕೊಡುವ ಆಸೆ ಹೋಯಿತಲ್ಲ. ಆದರೂ, "ರೂಲ್ಸ್ ಅಂದ್ ಮೇಲೆ ಆಯ್ತು ಬುಡು, ಲೋಟ ಅಂತೂ ನಮ್ದೇ" ಎಂದಳು.

ಹೊರಡುವಾಗ ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟವನ್ನು ಮೊಳೆಯಿಂದ ತೆಗೆದೆ. ಯಾಕ್ಲಾ ಎಂದಳು. ಸುಣ್ಣ ಸಿಡಿಯುತ್ತದೆ, ಬಂದವರ ಮಕ್ಕಳು ಗಾಜು ಒಡೆದಾವು, ಆಫೀಸಿನ ಬೀರುವಿನಲ್ಲಿಟ್ಟಿರುತ್ತೇನೆ ಎಂದೆ. ಜ್ವಾಪಾನ ಎಂದಳು. ನಾನು ಅದನ್ನು ಹಳೆಯ ಬಿಲ್ಲು ಪುಸ್ತಕಗಳ ಕೆಳಗೆ, ಮುಖ ಕೆಳಗೆ ಮಾಡಿ ಇಟ್ಟೆ.

*

ಚಿಕ್ಕವ್ವನ ಮನೆಗೆ ಬಂದವರು ತಿಪಟೂರು ಕಡೆಯ ಒಬ್ಬ ನಿವೃತ್ತ ಹೆಡ್ಮಾಸ್ತರು, ಅವರ ಹೆಂಡತಿ, ಮಕ್ಕಳು, ಬೀಗರು. ಆರು ಜನವಲ್ಲ, ಹದಿನಾಲ್ಕು ಜನ. ಕರಿಯಪ್ಪ ನಿಯಮದಲ್ಲಿ ತನಗೆ ಬೇಕಾದ ಸಾಲನ್ನಷ್ಟೇ ಓದಿಕೊಂಡಿದ್ದ. ಹೆಡ್ಮಾಸ್ತರು ಒಳ್ಳೆಯ ಮನುಷ್ಯ. ಸಾಮಾನು ಇಳಿಸುತ್ತಿದ್ದ ನನಗೆ, "ನೀವು ಎಂದು ಕರೆಯಬೇಕೋ ನೀನು ಅನ್ನಲೋ" ಎಂದು ನಗುತ್ತ ಕೇಳಿ ಕೊನೆಗೆ ನೀನು ಅಂದರು. "ಹಳ್ಳಿಯಲ್ಲಿ ಇಷ್ಟು ಶುಚಿಯಾದ ಮನೆ ಸಿಗುತ್ತೆ ಅಂದುಕೊಂಡಿರಲಿಲ್ಲ. ಕರಿಯಪ್ಪನವರು ಪುಣ್ಯವಂತರು" ಎಂದರು. ಅವರ ಹೆಂಡತಿ ಬಾಗಿಲಿಗೆ ರಂಗೋಲಿ ಹಾಕಿದರು. ಪಟ ಇದ್ದ ಮೊಳೆಗೆ ಒಂದು ಜೋಳಿಗೆ ತೂಗುಹಾಕಿದರು.

ಸಂಜೆ ಮನೆಗೆ ಬಂದರೆ ಚಿಕ್ಕವ್ವ ಅಡುಗೆಮನೆಯ ಬಾಗಿಲಲ್ಲಿ ಕಾದಿರುತ್ತಿದ್ದಳು.

"ಚಾಪೆ ಆಸ್ಕಂಡ್ರಾ?"

"ಆಸ್ಕಂಡ್ರು."

"ಲೋಟದಲ್ಲಿ ನೀರ್ ಕುಡುದ್ರಾ?"

"ಕುಡುದ್ರು ಚಿಕ್ಕವ್ವ."

"ನೀನ್ ನೋಡ್ದಾ?"

"ನೋಡ್ದೆ."

ಅವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಎರಡನೇ ದಿನವೂ ಅದನ್ನೇ ಕೇಳಿದಳು, ಮೂರನೇ ದಿನವೂ ಕೇಳಿದಳು. ಅವರು ಕುಡಿದದ್ದು ನಿಜ. ಆ ಮೂರು ದಿನ ನಾನು ಅವಳಿಗೆ ಹೇಳಿದ ನಿಜ ಅದೊಂದೇ. ಅವಳು ಮಲಗಿದ ಮೇಲೆ ನನ್ನ ಹೆಂಡತಿ ರೋಜಾ ಮುದ್ದೆ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

"ಬೋಡು ನಾನೂ ಓದಿವ್ನಿ. ಅತ್ತೆಗ್ ಯಾವಾಗ್ ಯೋಳ್ತೀರಿ?"

"ಜಾತ್ರೆ ಮುಗೀಲಿ. ಕಾಯಂ ಆಗ್ಲಿ. ಆಮೇಲ್ ಯೋಳ್ತೀನಿ."

"ಆಮೇಲ್ ಯೋಳಾದು ಯಾಕೆ? ಆಮೇಲ್ ನಿಮ್ಗೆ ಅವ್ರು ಬೇಕಾಗಾಕಿಲ್ವಲ್ಲ" ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಮುದ್ದೆ ತಿಂದು ಮುಗಿಸಿದೆ.

*

ನಾಲ್ಕನೇ ದಿನ ಬೆಳಗ್ಗೆ ಕರಿಯಪ್ಪನ ಬೈಕು ನಮ್ಮ ಮನೆಯ ಮುಂದೆ ನಿಂತಿತು. ಅವನು ಇಳಿಯಲಿಲ್ಲ. ಕೇರಿಯಲ್ಲಿ ಅವನು ಎಂದೂ ಇಳಿದವನಲ್ಲ.

"ಲೇ ನಟರಾಜ, ಈಚ್ಗ್ ಬಾರ್ಲಾ ಬೋಳಿಮಗನೆ. ಕಕ್ಕಸು ಕಟ್ಕಂಡು ಮೇಲಕ್ ಬತ್ತಾ ಅದೆ. ಆಯಮ್ಮ ಮೂಗ್ ಮುಚ್ಕಂಡು ಬೀದೀಲಿ ನಿಂತವ್ಳೆ. ನಿಮ್ ಚಿಕ್ಕವ್ವನ್ನ ಕಳ್ಸು. ಅವಳ್ ತೋಡಿದ್ ಗುಂಡಿ, ಅವಳೇ ಬಾಚ್ಲಿ."

ನಾನು ತಿರುಗಿ ನೋಡಿದೆ. ಚಿಕ್ಕವ್ವ ನನ್ನ ಹಿಂದೆಯೇ ನಿಂತಿದ್ದಳು. ಬಾಚ್ಲಿ ಎನ್ನುವ ಮಾತು ಅವಳ ಕಿವಿಗೆ ಬಿದ್ದಿದೆ ಎಂದುಕೊಂಡೆ. ಬಿದ್ದಿತ್ತು, ಆದರೆ ಅವಳು ಅದನ್ನು ಬೇರೆಯೇ ರೀತಿಯಲ್ಲಿ ತೆಗೆದುಕೊಂಡಳು.

"ಬಾಚಾದೇನ್ ಬಂತು ಬುದ್ಧಿ? ಇಟ್ಗೆ ಬದ್ಲಾಯ್ಸುದ್ರೆ ಆಯ್ತು. ಒಂದ್ ಗಳ್ಗೆ ಕೆಲ್ಸ. ನಮ್ಮನೇಗ್ ಬಂದೋರು ಅಂಗ್ ಬೀದೀಲಿ ನಿಂತ್ಕಬಾರ್ದು. ನಡೀರಿ, ಬತ್ತೀನಿ."

ಒಳಗೆ ಹೋಗಿ ಒಗೆದಿಟ್ಟಿದ್ದ ಹಸಿರು ಸೀರೆ ಉಟ್ಟಳು. ಕಕ್ಕಸಿನ ಕೆಲಸಕ್ಕೆ ಯಾರಾದರೂ ಒಳ್ಳೆಯ ಸೀರೆ ಉಡುತ್ತಾರಾ ಎಂದು ರೋಜಾ ಕೇಳಲಿಲ್ಲ. ಅವಳು ನನ್ನನ್ನು ನೋಡಿದಳು ಅಷ್ಟೆ. ಚಿಕ್ಕವ್ವ ಕನ್ನಡಿ ಮುಂದೆ ಒಂದು ಕ್ಷಣ ನಿಂತು ಕೂದಲು ಒತ್ತಿಕೊಂಡಳು. ತನ್ನ ಮನೆಗೆ ಬಂದ ನೆಂಟರನ್ನು ನೋಡಲು ಅವಳಿಗೆ ಅಂತೂ ಒಂದು ಕಾರಣ ಸಿಕ್ಕಿತ್ತು. ದಾರಿಯಲ್ಲಿ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಅವಳು ಎಷ್ಟು ಬೇಗ ನಡೆಯುತ್ತಿದ್ದಳೆಂದರೆ ನಾನು ಹಿಂದೆ ಬಿದ್ದೆ.

ಮನೆಯ ಮುಂದೆ ಹದಿನಾಲ್ಕೂ ಜನ ನಿಂತಿದ್ದರು. ಕರಿಯಪ್ಪ ಬೈಕಿನ ಮೇಲೆ ಒಂದು ಕಾಲೂರಿ ಕೂತಿದ್ದ. ಚಿಕ್ಕವ್ವ ಕೈ ಮುಗಿದು, "ಎಲ್ಲ ಚೆಂದಾಗಿದ್ದೀರಾ? ತೊಂದ್ರೆ ಆಗೋಯ್ತು, ಬೇಜಾರ್ ಮಾಡ್ಕಬ್ಯಾಡಿ" ಎಂದು ಹೇಳಿ, ರಂಗೋಲಿ ತುಳಿಯದ ಹಾಗೆ ಬಳಸಿ ಹೊಸ್ತಿಲ ಮೇಲೆ ಕಾಲಿಟ್ಟಳು.

"ಅಯ್ಯೋ, ನಿಲ್ಲಮ್ಮ" ಎಂದರು ಹೆಡ್ಮಾಸ್ತರ ಹೆಂಡತಿ. ಕೆಟ್ಟ ದನಿಯೇನಲ್ಲ. "ಒಳಗೆ ಅಡಿಗೆ ಇಟ್ಟಿದೀವಿ. ಕರಿಯಪ್ಪನವರೇ, ಈಕೆಗೆ ಹಿಂದಗಡೆಯಿಂದ ಬರೋಕೆ ಹೇಳಿ."

ಚಿಕ್ಕವ್ವನಿಗೆ ಅರ್ಥವಾಗಲಿಲ್ಲ. ನಕ್ಕಳು. "ನಾನು ಕಣವ್ವ, ಮನೆಯೋಳು. ಮಂಗಳಮ್ಮ."

"ಮನೆ ಕರಿಯಪ್ಪನವರದಲ್ವಾ?" ಎಂದರು ಆಕೆ ಗಂಡನ ಮುಖ ನೋಡುತ್ತ.

"ಲೇ ಮಂಗಳಿ" ಎಂದ ಕರಿಯಪ್ಪ. "ಮಾತ್ ಸಾಕು. ಇಂದ್ಗಡೆ ಓಗಿ ಬಂದ್ ಕೆಲ್ಸ ಮಾಡು."

"ಇಂದ್ಗಡೆ ಯಾಕ್ ಓಗ್ಲಿ ಬುದ್ಧಿ? ನನ್ ಮನೆ. ಪರವಾನಗಿ ನನ್ನೆಸ್ರಲ್ಲಿ ಅದೆ. ಬೋಡು ಇಲ್ಲೇ ಅದಲ್ಲ." ಅವಳು ಬಾಗಿಲ ಪಕ್ಕದ ತಗಡನ್ನು ಅಂಗೈಯಿಂದ ಮುಟ್ಟಿದಳು. ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. "ಓದ್ಲಾ ನಟರಾಜ. ಅವ್ರ್ಗೆ ಗೊತ್ತಿಲ್ಲ ಪಾಪ. ಗಟ್ಟಿಯಾಗ್ ಓದು."

ಕರಿಯಪ್ಪ ನನ್ನನ್ನು ನೋಡಿದ. ಹೆಡ್ಮಾಸ್ತರು ನೋಡಿದರು. ಅಕ್ಕಪಕ್ಕದ ಬಾಗಿಲುಗಳಲ್ಲಿ ಕೇರಿಯವರು ನಿಂತಿದ್ದರು, ಎಲ್ಲ ಗೊತ್ತಿದ್ದವರು. ನಿಜ ಓದಿದರೆ ಅವಳ ಮುಂದೆ ಸಾಯಬೇಕು. ಸುಳ್ಳು ಓದಿದರೆ ಕರಿಯಪ್ಪನ ಮುಂದೆ. ನನಗೆ ಹೆಚ್ಚು ಭಯವಾದದ್ದು ಅವಳ ಮುಖಕ್ಕೆ. ನಾನು ತಗಡಿನ ಮುಂದೆ ನಿಂತು ಓದಿದೆ.

"ಯಾತ್ರಿ ಮನೆ, ಪರವಾನಗಿ ಸಂಖ್ಯೆ ನಾಲ್ಕು. ಯಜಮಾನರು, ಮಂಗಳಮ್ಮ ಕೋಂ ಲೇಟ್ ಮಂಟೇಸ್ವಾಮಿ."

ಇದನ್ನು ಧೈರ್ಯವೆಂದು ಯಾರೂ ತಿಳಿಯಬೇಡಿ. ಒಮ್ಮೆ ಆಡಿದ ಸುಳ್ಳನ್ನು ಇನ್ನೊಮ್ಮೆ ಆಡುವುದು ಸುಲಭ.

"ಇಲ್ಲಪ್ಪ" ಎಂದರು ಹೆಡ್ಮಾಸ್ತರು. ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ ಸುಮ್ಮನಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಬಂದು ತಗಡಿನ ಮೇಲೆ ಬೆರಳಿಟ್ಟು ಓದಿದರು. "ಯಜಮಾನರು, ಕರಿಯಪ್ಪ ಬಿನ್ ಸಿದ್ದೇಗೌಡ. ಹೀಗಿದೆ ನೋಡು. ಆಕೆಯ ಹೆಸರು ಇಲ್ಲೆಲ್ಲೂ ಇಲ್ಲ."

ಮನೆಯೊಳಗೆ ಅನ್ನದ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು ಕೇಳುತ್ತಿತ್ತು.

"ಇನ್ನೊಂದ್ ಸಲ ಓದು" ಎಂದಳು ಚಿಕ್ಕವ್ವ ನನಗೆ.

ನಾನು ನೆಲ ನೋಡಿದೆ.

"ಆವತ್ ಕಾಗ್ಜದಲ್ಲಿ?"

ನಾನು ಆಗಲೂ ನೆಲವನ್ನೇ ನೋಡಿದೆ. ರಂಗೋಲಿಯ ಒಂದು ಮೂಲೆಯನ್ನು ನನ್ನ ಚಪ್ಪಲಿ ಅಳಿಸಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ತಗಡಿನ ಎರಡೂ ಅಂಚು ಹಿಡಿದು ಜಗ್ಗಿದಳು. ಒಂದು ಮೊಳೆ ಕಿತ್ತುಕೊಂಡು ಬಂತು, ಇನ್ನೊಂದು ಗೋಡೆಯಲ್ಲೇ ಉಳಿಯಿತು. ತಗಡನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಹಿಂದಕ್ಕೆ ನಡೆದಳು.

"ಏಯ್, ಏನ್ಮಾಡ್ತೀಯೇ?" ಎಂದ ಕರಿಯಪ್ಪ. ಬೈಕಿನಿಂದ ಇಳಿದ. ಕೇರಿಯ ನೆಲದ ಮೇಲೆ ಅವನ ಎರಡೂ ಕಾಲು ಬಿದ್ದದ್ದನ್ನು ನಾನು ಅವತ್ತೇ ನೋಡಿದ್ದು.

ಅವಳು ಹಸಿರು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದಳು. ತೊಟ್ಟಿಯ ಕಲ್ಲು ಸರಿಸಿದಳು. ನಾತಕ್ಕೆ ನಾವೆಲ್ಲ ಹಿಂದೆ ಸರಿದೆವು. ಹದಿನಾಲ್ಕು ಜನರ ಮೂರು ದಿನದ್ದು ತೊಟ್ಟಿಯ ಬಾಯಿಗೆ ಬಂದಿತ್ತು. ಅವಳು ತಗಡನ್ನು, ಹೆಸರಿದ್ದ ಮೈ ಕೆಳಗೆ ಮಾಡಿ, ಅದರಲ್ಲಿ ಇಳಿಸಿದಳು. ಬಾಚಿ ಬಾಚಿ ತುಂಬಿದ ಗುಂಡಿಯ ಕಡೆ ತಳ್ಳಿದಳು. ತಗಡಿಗೆ ಇಟ್ಟಿಗೆ ತಾಗಿ ಕರಕರ ಸದ್ದು ಬರುತ್ತಿತ್ತು. ಒಂದು ಕಡೆಯ ಇಟ್ಟಿಗೆ ಕಿತ್ತು ಇನ್ನೊಂದು ಕಡೆ ಇಟ್ಟಳು. ಒಂದು ಬಕೆಟ್ಟು ನೀರು ಸುರಿದಳು. ಗುಳುಗುಳು ಎಂದು ನೀರು ಖಾಲಿ ಗುಂಡಿಗೆ ಇಳಿಯಿತು. ಅವಳು ಹೇಳಿದ ಹಾಗೆ ಒಂದು ಗಳಿಗೆಯ ಕೆಲಸ.

ತಗಡನ್ನು ತೊಳೆಯಲಿಲ್ಲ. ಹಾಗೇ ಹಿಡಿದುಕೊಂಡು, ತೊಟ್ಟಿಕ್ಕುತ್ತಿದ್ದದ್ದನ್ನು ಹಿಡಿದುಕೊಂಡು, ಮನೆಯ ಮುಂದಕ್ಕೆ ಬಂದಳು. ಜನ ದಾರಿ ಬಿಟ್ಟರು. ಉಳಿದಿದ್ದ ಒಂದು ಮೊಳೆಗೆ ಅದನ್ನು ತೂಗುಹಾಕಿದಳು. ಅದು ಓರೆಯಾಗಿ ನಿಂತಿತು. ಅದರಿಂದ ಇಳಿದದ್ದು ಹೊಸ ಸುಣ್ಣದ ಗೋಡೆಯ ಮೇಲೆ ಗೆರೆ ಎಳೆಯಿತು. ಕರಿಯಪ್ಪನ ಹೆಸರೂ ಕಾಣುತ್ತಿರಲಿಲ್ಲ, ಸಿದ್ದೇಗೌಡನ ಹೆಸರೂ ಕಾಣುತ್ತಿರಲಿಲ್ಲ.

ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ಎರಡು ಸಲ ತೊಳೆದುಕೊಂಡಳು. ಗೂಡಿನಿಂದ ಒಂದು ಲೋಟ ತೆಗೆದು ಕೊಡದಿಂದ ನೀರು ತುಂಬಿಕೊಂಡು ಬಂದು ಹೆಡ್ಮಾಸ್ತರ ಮುಂದೆ ಹಿಡಿದಳು.

"ಇದು ಒಲಗೇರಿ ಕಣ್ರಪ್ಪ. ಆ ಬ್ಯಾನರ್ ಸರ್ಸಿ ನೋಡಿ, ಕಲ್ ಮೇಲೆ ಬರ್ದದೆ. ಮೂರ್ ದಿನದಿಂದ ನನ್ ಚಾಪೆ ಮೇಲ್ ಮನಗಿದ್ದೀರಿ. ನನ್ ಒಲೇಲಿ ಅನ್ನ ಮಾಡ್ಕಂಡ್ ಉಂಡಿದ್ದೀರಿ. ನನ್ ಲೋಟದಲ್ಲಿ ನೀರ್ ಕುಡ್ದಿದ್ದೀರಿ. ನಾನು ಎದ್ರಿಗ್ ನಿಂತ್ಕಂಡ್ ಕೊಡ್ಬೇಕು ಅಂತಿದ್ದೆ. ತಕ್ಕಳಿ."

ಹೆಡ್ಮಾಸ್ತರ ಕೈ ಎದ್ದಿತು. ನಾನು ನೋಡಿದೆ, ಅರ್ಧಕ್ಕೆ ಎದ್ದಿತು. ಅವರ ಹೆಂಡತಿ ಗೋಡೆಗೆ ಒರಗಿ ಓಕರಿಸುತ್ತಿದ್ದರು. ಬೀಗರಲ್ಲಿ ಯಾರೋ, "ಮೂರು ದಿನದ ದರ್ಶನ ದಂಡ, ಮತ್ತೆ ಮುಳುಗಬೇಕು" ಎಂದರು. ಎದ್ದ ಕೈ ಹಾಗೇ ಇಳಿದು ಜೇಬಿನಲ್ಲಿ ಕನ್ನಡಕದ ಡಬ್ಬಿ ಹುಡುಕಿತು. ಚಿಕ್ಕವ್ವ ಸ್ವಲ್ಪ ಹೊತ್ತು ಲೋಟ ಹಿಡಿದೇ ಇದ್ದಳು. ಆಮೇಲೆ ಅವರ ಕಣ್ಣೆದುರೇ ತಾನೇ ಕುಡಿದು ಖಾಲಿ ಮಾಡಿದಳು.

ಅರ್ಧ ಗಂಟೆಯಲ್ಲಿ ಅವರ ಸಾಮಾನು ಬೀದಿಗೆ ಬಂತು. ಅನ್ನವನ್ನು ಒಲೆಯ ಮೇಲೇ ಬಿಟ್ಟು ಹೋದರು.

"ನಟರಾಜ" ಎಂದ ಕರಿಯಪ್ಪ. ದನಿ ಏರಿಸಲಿಲ್ಲ. "ಆ ತಗಡ ತೆಗ್ದು ತೊಳ್ದು ಆಫೀಸ್ಗೆ ತಕ್ಕಂಡ್ ಬಾ. ಸೋಮವಾರ ಮೀಟಿಂಗ್ ಅದೆ, ಗೊತ್ತಲ್ಲ."

ಚಿಕ್ಕವ್ವ ಬಾಗಿಲಲ್ಲಿ ನಿಂತಿದ್ದಳು. "ತೊಳ್ಯಾದ್ ಆಮೇಲೆ. ಮೊದ್ಲು ಓದ್ಲಿ ಕಣ್ ಕರಿಯಪ್ಪ. ಓದ್ಲಾ ನಟರಾಜ, ಈಗ್ ಏನ್ ಬರ್ದದೆ?"

ಬುದ್ಧಿ ಎನ್ನಲಿಲ್ಲ ಅವಳು. ಕರಿಯಪ್ಪ ಅಂದಳು. ಕೇರಿಯ ಬಾಗಿಲುಗಳಲ್ಲಿ ನಿಂತವರು ಅದನ್ನು ಕೇಳಿಸಿಕೊಂಡರು.

ನಾನು ಓದಲಿಲ್ಲ. ತಗಡನ್ನು ತೆಗೆಯಲೂ ಇಲ್ಲ. ಅವತ್ತು ನನ್ನಿಂದ ಆದದ್ದು ಅಷ್ಟೇ, ಅದನ್ನೂ ಕೈಕಾಲು ಆಡದೆ ಮಾಡಿದ್ದು. ಬೈಕು ಹೋಯಿತು. ಕೇರಿಯವರು ಒಬ್ಬೊಬ್ಬರೇ ಒಳಗೆ ಹೋದರು. ನಾನು ಅವಳ ಹಿಂದೆಯೇ ಒಳಗೆ ಹೋಗಲು ಚಪ್ಪಲಿ ಬಿಟ್ಟೆ.

"ಪಟ ಎಲ್ಲದೆ?" ಎಂದಳು ಒಳಗಿನಿಂದ. ಮೊಳೆಯ ಮೇಲಿದ್ದ ಜೋಳಿಗೆಯನ್ನು ಅವರು ತೆಗೆದುಕೊಂಡು ಹೋಗಿದ್ದರು. ಅವಳು ಖಾಲಿ ಮೊಳೆಯನ್ನು ನೋಡುತ್ತಿದ್ದಳು.

"ಆಫೀಸ್ ಬೀರುಲಿ ಅದೆ ಚಿಕ್ಕವ್ವ."

"ಓಗಿ ತಕ್ಕಂಡ್ ಬಾ."

ನಾನು ಓಡಿದೆ. ಬಿಲ್ಲು ಪುಸ್ತಕಗಳ ಕೆಳಗಿನಿಂದ ಪಟ ತೆಗೆದೆ, ಅಂಗಿಯಿಂದ ಗಾಜು ಒರೆಸಿದೆ, ಎದೆಗೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದೆ. ಅವಳು ಒಳಗೆ ಅವರು ಬಿಟ್ಟುಹೋದ ಅನ್ನ ಬಸಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕಾಲಿಟ್ಟೆ.

"ಅಲ್ಲೇ" ಎಂದಳು. ತಲೆ ಎತ್ತಲಿಲ್ಲ. "ಒಸ್ತಿಲ ಆಚೆ ಮಡಗಿ ಓಗು."

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಪಟವನ್ನು ಹೊಸ್ತಿಲ ಆಚೆ ಇಟ್ಟು ಬೀದಿಯಲ್ಲಿ ನಿಂತೆ.